ಜರಡಿಯ ಮೇಲೆ ಉಳಿದದ್ದು

ಕಣ್ಣು ಮುಚ್ಚಿಕೊಂಡು ಜರಡಿಯ ನಂಬರು ಹೇಳಬಲ್ಲವಳು ಆ ಊರಿನಲ್ಲಿ ಒಬ್ಬಳೇ ಇದ್ದಳು. ಹೆಬ್ಬೆರಳಿನಿಂದ ಬಲೆಯನ್ನೊಮ್ಮೆ ಸವರಿ, ಉಗುರಿನಿಂದ ಹಿತ್ತಾಳೆಯ ಅಂಚನ್ನೊಮ್ಮೆ ತಟ್ಟಿ, "ಇದು ಅರವತ್ತು. ಇದು ನೂರು, ಆದ್ರೆ ಎಡಗಡೆ ಕಣ್ಣು ಸಡಿಲ ಬಿದ್ದಿದೆ, ಇದನ್ನ ನಂಬಬೇಡಿ" ಎನ್ನುವಳು. ಒಂದು ಅಂಗುಲ ಬಲೆಯಲ್ಲಿ ಉದ್ದಕ್ಕೆ ಎಷ್ಟು ಕಣ್ಣುಗಳಿವೆಯೋ ಅದೇ ಜರಡಿಯ ನಂಬರು. ಮೂವತ್ತೊಂದು ವರ್ಷ ಆ ಕಣ್ಣುಗಳ ಜೊತೆಯಲ್ಲೇ ಬಾಳಿದ್ದರಿಂದ ಹೆತ್ತವರು ಇಟ್ಟ ಹೆಸರು ಎಲ್ಲೋ ಸೋರಿಹೋಗಿ, ಜನರ ಬಾಯಲ್ಲಿ ಜರಡಕ್ಕ ಎಂಬುದೊಂದೇ ಉಳಿದಿತ್ತು.

ಅವಳು ಹುಟ್ಟಿದ್ದು ಹಿಂದಿನ ಸಾಲಿನ ಮೂರನೆಯ ಮನೆಯಲ್ಲಿ. ಸೀಸ ಕರಗಿಸುವ ಕಾರ್ಖಾನೆಯ ಬೆನ್ನಿಗೆ ಒರಗಿಸಿದಂತೆ ಕಟ್ಟಿದ ಇಪ್ಪತ್ತನಾಲ್ಕು ಮನೆಗಳ ಸಾಲು ಅದು. ಗೋಡೆಗೆ ಗೋಡೆ ಅಂಟಿಕೊಂಡಿದ್ದುದರಿಂದ ಒಬ್ಬರ ಮನೆಯಲ್ಲಿ ಸೀನಿದರೆ ಪಕ್ಕದ ಮನೆಯವರು ಮೂಗು ಒರೆಸಿಕೊಳ್ಳಬೇಕು ಎಂಬುದು ಸಾಲಿನ ಹಳೆಯ ನಗೆಮಾತು. ಮುಂದೊಂದು ಕೋಣೆ, ಹಿಂದೊಂದು ಅಡುಗೆಮನೆ, ಎರಡು ಕೈ ಚಾಚಿದರೆ ಮುಗಿದುಹೋಗುವ ಹಿತ್ತಿಲು, ಹಿತ್ತಿಲ ಗೋಡೆಯಾಚೆ ಬೂದಿಗುಡ್ಡ. ಅದು ಭೂಮಿ ತಾನಾಗಿ ಎತ್ತಿದ ಗುಡ್ಡವಲ್ಲ. ಅದಿರಿನಿಂದ ಲೋಹವನ್ನು ಹಿಂಡಿಕೊಂಡ ಮೇಲೆ ಉಳಿದ ಪುಡಿಯನ್ನು ಎಪ್ಪತ್ತು ವರ್ಷ ಸುರಿದೂ ಸುರಿದೂ ಮನುಷ್ಯರೇ ಬೆಳೆಸಿದ್ದು.

ಮಳೆ ಬಂದು ಬಿಸಿಲು ಬಿದ್ದರೆ ಆ ಗುಡ್ಡ ಹೊಳೆಯುತ್ತಿತ್ತು. ಜರಡಕ್ಕನೂ ಅವಳ ತಂಗಿಯೂ ಮುರುಕು ತಗಡಿನ ಮೇಲೆ ಕೂತು ನೆತ್ತಿಯಿಂದ ಬುಡದವರೆಗೆ ಜಾರುತ್ತಿದ್ದರು. ಸೈರನ್ ಕೂಗಿದೊಡನೆ ಮನೆಗೆ ಓಡಬೇಕು. ಹುಬ್ಬು ರೆಪ್ಪೆಗಳೆಲ್ಲ ನರೆತಂತಾದ ಅಪ್ಪ ಅಷ್ಟು ಹೊತ್ತಿಗೆ ಬಾಗಿಲಲ್ಲಿ ನಿಂತಿರುತ್ತಿದ್ದ. ಅವನು ಕುಲುಮೆಯ ಕೆಲಸದವನು. ಅಮ್ಮ ಅವನ ಅಂಗಿಯನ್ನು ಹಿತ್ತಿಲಲ್ಲಿ ಕೊಡವುವಾಗ ಏಳುವ ಮೋಡದೊಳಗೆ ಅಕ್ಕತಂಗಿಯರು ಕುಣಿಯುತ್ತಿದ್ದರು. ಅದು ವಿಷವೆಂದು ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಮಕ್ಕಳು ಕುಣಿಯುವುದನ್ನು ಬಿಡುತ್ತಿದ್ದರೆಂದು ನಂಬಲು ಆಧಾರವಿಲ್ಲ. ಎಷ್ಟೋ ವರ್ಷಗಳ ಮೇಲೆ, ಎಲ್ಲ ತಿಳಿದ ಮೇಲೂ, ಬಿಸಿ ಕಬ್ಬಿಣದ ವಾಸನೆ ಎಲ್ಲಾದರೂ ಮೂಗಿಗೆ ತಾಕಿದರೆ ಜರಡಕ್ಕನಿಗೆ ಮೊದಲು ನೆನಪಾಗುತ್ತಿದ್ದುದು ಅಪ್ಪನ ತೊಡೆ. ಸೀಸದ ನೆನಪು ಆಮೇಲೆ ಬರುತ್ತಿತ್ತು.

ನಲವತ್ತಾರನೆಯ ವಯಸ್ಸಿಗೆ ಸೀಸ ಮೈಗೇರಿ ಅಪ್ಪನ ಎರಡು ಮಣಿಕಟ್ಟುಗಳೂ ಜೋತುಬಿದ್ದವು. ಲೋಟ ಹಿಡಿಯಲಾರ, ಗುಂಡಿ ಹಾಕಿಕೊಳ್ಳಲಾರ. ಹದಿನೇಳರ ಹಿರಿಮಗಳು ಕಾರ್ಖಾನೆಯ ಮಾದರಿ ಕೋಣೆಗೆ ಕೆಲಸಕ್ಕೆ ಹೋದಳು. ಅದಿರು ಎಷ್ಟು ಶುದ್ಧವೆಂದು ನೋಡಲು ಅದನ್ನು ಕುಟ್ಟಿ, ಸೋಸಿ, ತೂಗುವ ಕೋಣೆ ಅದು. ಅಲ್ಲಿನ ಹಿರಿಯರನ್ನು ಎಲ್ಲರೂ ತಕ್ಕಡಿ ಯಜಮಾನರು ಎನ್ನುತ್ತಿದ್ದರು. ಅವರ ಎದುರು ಉಸಿರಾಡುವಾಗಲೂ ತಕ್ಕಡಿ ಅಲುಗದಂತೆ ಎಚ್ಚರವಹಿಸಬೇಕಿತ್ತು. ಮೊದಲ ದಿನವೇ ಅವರು ಅವಳ ಕೈಗೆ ಜರಡಿ ಕೊಟ್ಟು ಹೇಳಿದರು:

"ನೋಡಮ್ಮ, ಕೆಳಗೆ ಇಳಿದಿದ್ದು ಮಾದರಿ. ಮೇಲೆ ಉಳಿದಿದ್ದನ್ನ ಮತ್ತೆ ಕುಟ್ಟು. ಮೂರು ಸಲ ಕುಟ್ಟಿದ್ರೂ ಇಳೀಲಿಲ್ಲ ಅಂದ್ರೆ ಅದು ಅದಿರಲ್ಲ. ಕಡ್ಡಿ, ನಾರು, ಕಸ. ಚೆಲ್ಲು. ಒಂದರ ಪುಡಿ ಇನ್ನೊಂದಕ್ಕೆ ತಾಕಿದ್ರೆ ನಿನಗೆ ನಾಳೆಯಿಂದ ಕೆಲಸ ಇಲ್ಲ."

ಮೂವತ್ತೊಂದು ವರ್ಷದಲ್ಲಿ ಅವಳ ಕೈಯಿಂದ ಒಂದು ಮಾದರಿಯೂ ಕೆಡಲಿಲ್ಲ. ಮದುವೆಯ ಮಾತು ಎರಡು ಸಲ ಬಂದು, ಅಪ್ಪನಿಗೆ ಲೋಟ ಹಿಡಿಸುವವರು ಯಾರೆಂಬಲ್ಲಿಗೆ ನಿಂತುಹೋಯಿತು. ತಂಗಿಯ ಮದುವೆ ಮಾತ್ರ ಅದೇ ಸಾಲಿನ ಹತ್ತೊಂಬತ್ತನೆಯ ಮನೆಗೆ ಆಯಿತು. "ಗಂಡನ ಮನೆಗೆ ಹೋಗುವಾಗ ಅಳೋಣ ಅಂತ ಸೆರಗು ತೆಗೆದೆ, ಅಷ್ಟರಲ್ಲಿ ಮನೆ ಬಂದೇಬಿಡ್ತು" ಎಂದು ಅವಳು ಹೇಳಿಕೊಂಡು ನಗುತ್ತಿದ್ದಳು. ಅಕ್ಕ ನಗುವುದು ಕಡಿಮೆ. ಅವಳ ಪಾಲಿನದನ್ನೂ ತಂಗಿಯೇ ನಕ್ಕು ಮುಗಿಸುತ್ತಾಳೆಂದು ಸಾಲಿನವರ ಅಭಿಪ್ರಾಯವಾಗಿತ್ತು.

ಕಾರ್ಖಾನೆ ಮುಚ್ಚಿತು. ಅಪ್ಪ ಅಮ್ಮ ಹೋದರು. ಗುಡ್ಡ ಇದ್ದಲ್ಲೇ ಇತ್ತು, ಆದರೆ ಸುಮ್ಮನೆ ಇರಲಿಲ್ಲ. ಹೊಸ ಪುಡಿ ಬೀಳದೆ ನೀರು ಚಿಮುಕಿಸುವವರೂ ಇಲ್ಲದೆ ಅದರ ಮೈ ಒಣಗಿ, ಒಣಗಾಳಿಯ ಕಾಲದಲ್ಲಿ ಎದ್ದು ಸಾಲಿನೊಳಗೆ ಬರತೊಡಗಿತು. ಬೆಳಿಗ್ಗೆ ಮಡಿಸಿಟ್ಟ ಬಟ್ಟೆಯ ಮೇಲೆ ಸಂಜೆಗೆ ಬೆರಳಲ್ಲಿ ಬರೆಯಬಹುದಿತ್ತು. ಪುರಸಭೆಯವರು ಪ್ರತಿ ಮನೆಯ ಮಾಡಿನ ಮೇಲೂ ಎಣ್ಣೆ ಸವರಿದ ಗಾಜಿನ ಹಲಗೆಗಳನ್ನಿಟ್ಟು, ಅದರ ಮೇಲೆ ಕೂತ ಧೂಳನ್ನು ತೂಗಿದರು. ಮಕ್ಕಳ ರಕ್ತ ಪರೀಕ್ಷಿಸಿದರು. ತಂಗಿಯ ಮೊಮ್ಮಗಳ ರಕ್ತದಲ್ಲಿ ಸೀಸ ಇರಬೇಕಾದುದಕ್ಕಿಂತ ಹೆಚ್ಚಿತ್ತು. ಕೊನೆಗೊಂದು ನೋಟೀಸು ಬಂತು: ಬರುವ ಎರಡು ಒಣಗಾಳಿಯ ಕಾಲಗಳೊಳಗೆ ಧೂಳು ಅರ್ಧಕ್ಕಿಳಿಯದಿದ್ದ ಮನೆಗಳನ್ನು ಕೆಡವಿ, ನಿವಾಸಿಗಳಿಗೆ ಊರಿನ ಆ ತುದಿಯಲ್ಲಿ ಬೇರೆ ಮನೆ ಕೊಡಲಾಗುವುದು.

ತಂಗಿ ನೋಟೀಸನ್ನು ಓದಿಸಿ ಕೇಳಿ, "ಹಾಲು ಕುಡಿದಷ್ಟು ಸಂತೋಷ ಆಯ್ತು" ಎಂದಳು. ಜರಡಕ್ಕನಿಗೆ ಮಾತ್ರ ಯಾರೋ ತನ್ನ ಬೆನ್ನ ಹಿಂದಿನ ಗೋಡೆಯನ್ನು ಈಗಲೇ ಎಳೆದುಕೊಂಡಂತಾಯಿತು. ಅಪ್ಪನ ಕೈ ಉಜ್ಜಿ ಉಜ್ಜಿ ನುಣುಪಾದ ಬಾಗಿಲ ಚೌಕಟ್ಟು, ಅಮ್ಮ ನಿಲ್ಲುತ್ತಿದ್ದಲ್ಲಿ ಒಂದಿಷ್ಟು ತಗ್ಗಿದ ಅಡುಗೆಮನೆಯ ನೆಲ, ಇವನ್ನೆಲ್ಲ ಯಾವ ಗಾಡಿಗೆ ಹೇರುವುದು?

ಆ ವರ್ಷವೇ, ಗುಡ್ಡದ ಧೂಳನ್ನು ಕಟ್ಟಿಹಾಕುವ ದಾರಿ ಹುಡುಕಲು, ಮಣ್ಣಿನ ಮೇಡಂ ಬಂದರು. ಮಣ್ಣಿನ ಪರೀಕ್ಷೆಯನ್ನೇ ಓದಿ ಬಂದ, ಮೂವತ್ತು ದಾಟದ ಹೆಣ್ಣುಮಗಳು. ಹಳೆಯ ಮಾದರಿ ಕೋಣೆಯ ಬೀಗ ತೆಗೆಸಿ, ಅಲ್ಲೇ ತಮ್ಮ ಸೂಕ್ಷ್ಮದರ್ಶಕವನ್ನಿಟ್ಟರು. ಯಾರೋ ಜರಡಕ್ಕನನ್ನು ಕರೆದುಕೊಂಡು ಹೋದಾಗ ಮೇಡಂ ಕೇಳಿದ್ದು ಒಂದೇ ಪ್ರಶ್ನೆ:

"ಅಕ್ಕ, ಈ ಗುಡ್ಡದ ಮೇಲೆ ತಾನಾಗೇ ಬೆಳೆಯೋದು ಏನಾದ್ರೂ ಇದೆಯಾ?"

"ಹಳೇ ಗಾಡಿದಾರಿ ಕೆಳಗೆ ಒಂದಿಷ್ಟು ಒರಟು ಹುಲ್ಲಿದೆ. ಚಿಕ್ಕವರಿದ್ದಾಗ ಜಾರುವಾಗ ಅದನ್ನ ಹಿಡ್ಕೊಂಡು ನಿಲ್ತಿದ್ವಿ. ಕೈ ಕೊಯ್ಯುತ್ತೆ, ಆದ್ರೆ ಕಿತ್ತು ಬರಲ್ಲ."

"ಅದೇ ನನಗೆ ಬೇಕಾಗಿದ್ದು."

ಮೇಡಂ ಆ ಹುಲ್ಲಿನ ಒಂದೆರಡು ಬುಡಗಳನ್ನು ಮಣ್ಣಿನ ಸಮೇತ ಅಗೆದು ತಂದು, ಇಪ್ಪತ್ತು ತೊಟ್ಟಿಗಳಲ್ಲಿ ಮರಳಿನೊಡನೆ ಬೆರೆಸಿ, ಮೇಲೆ ಹುಲ್ಲಿನ ಬೀಜ ಬಿತ್ತಿದರು. ಈ ಹುಲ್ಲಿನ ಜೊತೆ ಮಣ್ಣಿನೊಳಗೆ ಒಂದು ಶಿಲೀಂಧ್ರವಿದೆ, ತೊಟ್ಟಿಯಲ್ಲಿ ಹೆಚ್ಚಿಸಬೇಕಾದದ್ದು ಅದನ್ನೇ. ಅದು ಕಣ್ಣಿಗೆ ಕಾಣದಷ್ಟು ತೆಳುವಾದ ಎಳೆಗಳನ್ನು ಚಾಚಿ ದೂರದ ನೀರನ್ನೂ ಸಾರವನ್ನೂ ಹುಲ್ಲಿಗೆ ತಂದುಕೊಡುತ್ತದೆ. ಹುಲ್ಲು ತಾನು ಮಾಡಿದ ಸಕ್ಕರೆಯಲ್ಲಿ ಅದಕ್ಕೊಂದು ಪಾಲು ಕೊಡುತ್ತದೆ. ಸಾಧಾರಣ ಹುಲ್ಲನ್ನು ಕೊಲ್ಲುವ ಸೀಸ ಆ ಎಳೆಗಳ ಗೋಡೆಗೇ ಅಂಟಿಕೊಂಡು ಅಲ್ಲೇ ಕೂತುಬಿಡುತ್ತದೆ ಎಂದು ಅವರು ವಿವರಿಸಿದರು.

"ಅಂದ್ರೆ ಸೀಸ ಹೋಗುತ್ತಾ ಮೇಡಂ?"

"ಎಲ್ಲಿಗೂ ಹೋಗಲ್ಲ ಅಕ್ಕ. ಇದ್ದಲ್ಲೇ ಇರುತ್ತೆ. ಎದ್ದು ಓಡಾಡಲ್ಲ, ಅಷ್ಟೆ. ಎಳೆಗಳಿಂದ ಒಂದು ಥರ ಅಂಟು ಬರುತ್ತೆ, ಅದು ಪುಡಿ ಪುಡಿಯಾಗಿರೋದನ್ನ ಹರಳು ಹರಳಾಗಿ ಕಟ್ಟುತ್ತೆ. ಗಾಳಿ ಬಂದ್ರೂ ಹಾರಲ್ಲ."

ಮನೆಗೆ ಬಂದು ಇದನ್ನು ಹೇಳಿದಾಗ ತಂಗಿ ಸೊಂಟಕ್ಕೆ ಕೈಯಿಟ್ಟು ಕೇಳಿದಳು: "ಅಂದ್ರೆ ಬೂಷ್ಟು! ಗೋಡೆ ಮೇಲೆ ಬೂಷ್ಟು ಬಂದ್ರೆ ಬ್ರಷ್ಷು ಹಿಡಿದು ತಿಕ್ಕೋಳು ನೀನು. ಈಗ ಅದಕ್ಕೆ ತೊಟ್ಟಿಲು ಕಟ್ಟಿ ತೂಗ್ತಿದೀಯಾ?"

"ಬೂಷ್ಟು ಬೇರೆ, ಇದು ಬೇರೆ."

"ಹೂಂ, ನಿನ್ನ ಕೈಗೆ ಬಂದ್ರೆ ಬೂಷ್ಟಿಗೂ ಶಿಸ್ತು ಬರುತ್ತೆ ಬಿಡು."

ನಾಲ್ಕು ತಿಂಗಳು ಜರಡಕ್ಕ ತೊಟ್ಟಿಗಳಿಗೆ ನೀರು ಹಾಕಿದಳು. ಗುಡ್ಡದ ಮಣ್ಣನ್ನು ಹಿಂದಿನಂತೆಯೇ ಕುಟ್ಟಿ ಸೋಸಿ ಸೀಸದ ಪರೀಕ್ಷೆಗೆ ಕೊಟ್ಟಳು. ಮತ್ತೆ ಅದೇ ಕೋಣೆ, ಅದೇ ಕಲ್ಲಿನ ಮೇಜು, ಅದೇ ಕಿಟಕಿಯಿಂದ ಅದೇ ಹೊತ್ತಿಗೆ ಮೇಜಿನ ಮೇಲೆ ಬೀಳುವ ಬಿಸಿಲು. ತಕ್ಕಡಿ ಯಜಮಾನರು ಇನ್ನೇನು ಕೆಮ್ಮಿಕೊಂಡು ಒಳಗೆ ಬರುತ್ತಾರೆನ್ನಿಸುತ್ತಿತ್ತು. ಕಳೆದುಹೋದ ವರ್ಷಗಳು ಕೈಗೆ ಮರಳಿ ಸಿಕ್ಕಿದಂತೆ ಅವಳು ಅಲ್ಲಿ ಓಡಾಡಿದಳು. ಮುಂದೆ ನಡೆದುದಕ್ಕೆ ಆ ಸುಖವೂ ಒಂದು ಕಾರಣವಿರಬೇಕು.

ತೊಟ್ಟಿಗಳು ಸಿದ್ಧವಾದ ಹೊತ್ತಿಗೆ ಮೇಡಮ್ಮಿನ ತಂದೆ ಬಿದ್ದು ಸೊಂಟ ಮುರಿದುಕೊಂಡರು. ಮೇಡಂ ಮೂರು ವಾರ ಊರಿಗೆ ಹೋಗಬೇಕಾಯಿತು. ಹೋಗುವಾಗ ಸ್ಪಷ್ಟವಾಗಿ ಹೇಳಿದರು: ತೊಟ್ಟಿಯ ಹುಲ್ಲನ್ನು ಮೇಲಿಂದ ಕತ್ತರಿಸಿ ಎಸೆಯಿರಿ, ಬೇರನ್ನು ಸಣ್ಣಗೆ ಹೆಚ್ಚಿ ಅದೇ ಮಣ್ಣಿಗೆ ಬೆರೆಸಿ, ಸಸಿಯ ತಟ್ಟೆಗಳ ಪ್ರತಿ ಗುಳಿಗೂ ಎರಡು ಚಮಚ ಹಾಕಿ, ಅದರ ಮೇಲೆ ಬೀಜ ಬಿತ್ತಿ.

ಜರಡಕ್ಕ ಹೇಳಿದಂತೆಯೇ ಹೆಚ್ಚಿದಳು, ಬೆರೆಸಿದಳು. ಆಮೇಲೆ ಆ ರಾಶಿಯನ್ನು ನೋಡಿದಳು. ಹೆಂಟೆ, ನಾರು, ಕೊಳೆತ ಸಿಪ್ಪೆ. ಕೋಳಿ ಕೆದರಿದ ತಿಪ್ಪೆಯಂತಿತ್ತು. ಇಂಥದನ್ನು ಇಟ್ಟು ಕೊಟ್ಟರೆ ಈ ಕೋಣೆಯ ಮಾನವೇನಾಗಬೇಕು? ಮೇಡಂ ಓದಿದವರು, ಆದರೆ ಇನ್ನೂ ಎಳೆಯರು. ಸೋಸಿರೆಂದು ಹೇಳಲು ಮರೆತಿರಬೇಕು ಎಂದುಕೊಂಡಳು. ಶಿಲೀಂಧ್ರ ಮಣ್ಣಿನಲ್ಲಿದೆ ಎಂದು ಅವರು ಹೇಳಿದ್ದಾರೆ. ಕಣ್ಣಿಗೆ ಕಾಣದಷ್ಟು ತೆಳುವಾದದ್ದು ಎಂದರೆ ನುಣುಪಾದ ಪುಡಿಯಲ್ಲೇ ಇರಬೇಕು. ಅವಳು ಇನ್ನೂರರ ಜರಡಿಯನ್ನು ಕೈಗೆತ್ತಿಕೊಂಡಳು. ನಾಲ್ಕು ದಿನ, ಇಪ್ಪತ್ತೂ ತೊಟ್ಟಿಗಳ ಮಣ್ಣನ್ನು ಒಣಗಿಸಿ, ಕೈಯಲ್ಲಿ ಹೊಸಕಿ, ಸೋಸಿದಳು. ಕೆಳಗಿಳಿದದ್ದು ಹಿಟ್ಟಿನಂತೆ ಬಿದ್ದಿತು. ಮೇಲೆ ಉಳಿದ ಬೇರಿನ ಚೂರು, ಒರಟು ಮರಳು, ಗಸಿಗಳನ್ನು ಆ ಕೋಣೆಯ ಪದ್ಧತಿಯಂತೆ, ಕಸವನ್ನೆಲ್ಲ ಸುಟ್ಟು ಕರಗಿಸುವ ಕ್ಷಾರದ ಪೀಪಾಯಿಗೆ ಸುರಿದಳು. ಮುನ್ನೂರು ತಟ್ಟೆಗಳಿಗೂ ಆ ಹಿಟ್ಟನ್ನು ಚಮಚದ ಅಂಚು ಸವರಿ ಸವರಿ ಸಮನಾಗಿ ಹಾಕಿದಳು.

ಮೇಡಂ ಬಂದಾಗ ಬೀಜ ಮೊಳೆತು ತಟ್ಟೆಗಳು ಹಸಿರಾಗಿದ್ದವು. "ಎಷ್ಟು ನೀಟಾಗಿ ಮಾಡಿದೀರಿ ಅಕ್ಕ!" ಎಂದರು. ಜರಡಕ್ಕ ಹೊಗಳಿಕೆಗೆ ಹಿಗ್ಗುವವಳಲ್ಲ, ಆದರೆ ಆ ದಿನ ಮನೆಗೆ ಹೋಗುವಾಗ ದಾರಿ ಸ್ವಲ್ಪ ಕಡಿಮೆಯಾದಂತಿತ್ತು.

ಆರು ವಾರದ ನಂತರ ಬೇರುಗಳನ್ನು ಪರೀಕ್ಷಿಸುವ ಸಮಯ ಬಂತು. ಆ ಕೆಲಸವನ್ನು ಮೇಡಂ ಅವಳಿಗೇ ಕಲಿಸಿದರು. ಬೇರನ್ನು ಕ್ಷಾರದಲ್ಲಿ ಕುದಿಸಿದರೆ ಅದು ಗಾಜಿನಂತೆ ತಿಳಿಯಾಗುತ್ತದೆ. ಆಮೇಲೆ ವಿನೆಗರ್, ಅದರಲ್ಲಿ ಒಂದಿಷ್ಟು ಶಾಯಿ. "ಶಾಯಿ ಅಂದ್ರೆ ಪೆನ್ನಿನ ಶಾಯಿನಾ?" ಎಂದು ಅವಳು ನಂಬದೆ ಕೇಳಿದಳು. ಮಕ್ಕಳು ಶಾಲೆಗೆ ಒಯ್ಯುವ ಅದೇ ನೀಲಿ ಶಾಯಿ. ಶಿಲೀಂಧ್ರ ಬಣ್ಣ ಹಿಡಿಯುತ್ತದೆ, ಬೇರು ಹಿಡಿಯುವುದಿಲ್ಲ. ಅಭ್ಯಾಸಕ್ಕೆಂದು ಮೇಡಂ ಗುಡ್ಡದ ಒರಟು ಹುಲ್ಲಿನ ಬೇರನ್ನೇ ಕೊಟ್ಟರು.

ಜರಡಕ್ಕ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಬಣ್ಣವಿಲ್ಲದ ಬೇರಿನೊಳಗೆ ನೀಲಿ ದಾರಗಳು ಹರಿದಾಡಿದ್ದವು. ಅಲ್ಲಲ್ಲಿ ದಾರ ಕವಲೊಡೆದು ಒಂದೊಂದು ಕೋಶದೊಳಗೂ ಪುಟ್ಟ ಮರವಾಗಿ ನಿಂತಿತ್ತು. ಅಲ್ಲಲ್ಲಿ ಮಣಿಯಂಥ ದುಂಡು ಗಂಟುಗಳು. ಎಪ್ಪತ್ತು ವರ್ಷ ಏನನ್ನೂ ಬದುಕಗೊಡದ ಪುಡಿಯಲ್ಲಿ ಇಷ್ಟೆಲ್ಲ ನಡೆದಿತ್ತು! ತಾನು ಜಾರಿ ಬಂದು ಕೈ ಕೊಯ್ಯಿಸಿಕೊಂಡು ಹಿಡಿಯುತ್ತಿದ್ದ ಹುಲ್ಲಿನ ಬುಡದಲ್ಲಿ, ಅಪ್ಪ ಇನ್ನೂ ಲೋಟ ಹಿಡಿಯುತ್ತಿದ್ದ ಕಾಲದಲ್ಲೇ, ಇದು ತನ್ನಷ್ಟಕ್ಕೆ ತಾನು ನೂಲುತ್ತಿತ್ತು.

"ಮೇಡಂ, ಇದು ಬೇರಿನ ಒಳಗೇ ಇದೆ."

"ಹೂಂ ಅಕ್ಕ, ಮುಖ್ಯವಾಗಿ ಬೇರಲ್ಲೇ. ಅದರ ಬೀಜಗಳು ಮಣ್ಣಲ್ಲಿರುತ್ತೆ, ಮರಳಿನ ಕಾಳಿನಷ್ಟು ದಪ್ಪ. ಅದಕ್ಕೇ ಬೇರು ಹೆಚ್ಚಿ ಹಾಕೋಕೆ ಹೇಳಿದ್ದು."

ಅವಳ ಕೈಯಲ್ಲಿದ್ದ ಚಿಮಟ ಮೇಜಿನ ಮೇಲೆ ಸದ್ದಿಲ್ಲದೆ ಮಲಗಿತು.

ಮೇಡಂ ಪುರಸಭೆಗೆ ಹೋದ ಮೇಲೆ ಅವಳು ತಟ್ಟೆಯ ಸಸಿಗಳ ಬೇರನ್ನು ಕುದಿಸಿದಳು. ನೀಲಿಯಿಲ್ಲ. ಇನ್ನೊಂದು ತಟ್ಟೆ. ಇಲ್ಲ. ಶಾಯಿ ಹಳೆಯದಾಗಿರಬೇಕೆಂದು ಹೊಸ ಸೀಸೆ ತೆರೆದಳು. ಮೂರು ದಿನದಲ್ಲಿ ಅರವತ್ತು ತಟ್ಟೆಗಳನ್ನು ನೋಡಿದಳು. ಬೇರುಗಳು ತೊಳೆದ ಗಾಜಿನಂತಿದ್ದವು. ಅವಳು ಜೀವನವಿಡೀ ಬಯಸಿದ್ದ ಅದೇ ಶುಭ್ರತೆ, ಒಂದು ಕಲೆಯಿಲ್ಲದೆ.

ನಾಟಿಗೆ ಹತ್ತು ದಿನ ಉಳಿದಿತ್ತು. ಈ ಸಸಿಗಳನ್ನು ಗುಡ್ಡದ ಮೇಲೆ ನೆಟ್ಟರೆ ಮಳೆಗಾಲದುದ್ದಕ್ಕೂ ಹಸಿರಾಗಿದ್ದು, ಒಣಗಾಳಿ ಬೀಸಿದ ತಿಂಗಳಿಗೆ ಸಾಯುತ್ತವೆ. ಧೂಳು ಏಳುತ್ತದೆ, ಸಾಲು ಬೀಳುತ್ತದೆ. ಎಲ್ಲರೂ ಗುಡ್ಡ ಕೊಂದಿತೆಂದು ಹೇಳುತ್ತಾರೆ. ಯಾರೂ ಜರಡಿಯನ್ನು ಕೇಳುವುದಿಲ್ಲ. ಬಾಯಿ ಬಿಟ್ಟರೆ, ಮೂವತ್ತೊಂದು ವರ್ಷ ಕೂಡಿಸಿದ ಹೆಸರು ಒಂದು ಮಧ್ಯಾಹ್ನಕ್ಕೆ ಹೋಗುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂದು ಅಮ್ಮ ಹೇಳುತ್ತಿದ್ದಳು. ಇಲ್ಲಿ ಹೋಗಿದ್ದು ಅಡಿಕೆಯಷ್ಟೂ ಅಲ್ಲದ ಬೇರಿನ ಚೂರಿಗೆ.

ಅವಳು ಎರಡು ದಿನ ಊಟ ಸರಿಯಾಗಿ ಮಾಡದಿದ್ದುದನ್ನು ತಂಗಿ ಕಂಡಳು. ಪಾತ್ರೆ ತೊಳೆಯುತ್ತ ಕೇಳಿದಳು, ಅಕ್ಕ ಹೇಳಿದಳು. ತಂಗಿ ತಿಕ್ಕುತ್ತಿದ್ದ ಪಾತ್ರೆಯನ್ನು ಕೆಳಗಿಟ್ಟಳು.

"ಅಕ್ಕ, ಸುಮ್ನೆ ಇದ್ಬಿಡು. ಯಾರಿಗೂ ಗೊತ್ತಾಗಲ್ಲ. ಸಾಲು ಹೋದ್ರೆ ಹೋಗ್ಲಿ, ಒಳ್ಳೇದೇ ಆಯ್ತು."

"ನಿನಗೆ ಒಳ್ಳೇದು."

"ಹೌದು ಕಣೆ, ನನಗೇ! ಮಗುವಿನ ರಕ್ತ ನೋಡಿದೀಯಲ್ಲ? ಏನಿದೆ ಈ ಸಾಲಲ್ಲಿ ಅಂತ ಇಷ್ಟು ತಬ್ಕೊಂಡು ಕೂತಿದೀಯಾ?"

"ಅಪ್ಪ ಅಮ್ಮ ಬಾಳಿದ ಮನೆ ಇದೆ."

"ಅಪ್ಪನ ಕೈ ಬಿದ್ದುಹೋಗಿದ್ದೂ ಅದೇ ಮನೇಲಿ. ನೀನು ಬರೀ ತಗಡಿನ ಮೇಲೆ ಜಾರಿದ್ದು ನೆನಪಿಟ್ಕೊಂಡಿದೀಯಾ. ಅವನಿಗೆ ಅಂಗಿ ಗುಂಡಿ ಹಾಕಿದ್ದೂ ನೀನೇ, ಅದನ್ನ ಮಾತ್ರ ಸೋಸಿ ಚೆಲ್ಲಿದೀಯಾ."

ಆ ಮಾತು ತಾಕಬೇಕಾದಲ್ಲಿಯೇ ತಾಕಿತು. ಜರಡಕ್ಕ ತೊಳೆದ ಪಾತ್ರೆಯನ್ನು ಇನ್ನೊಮ್ಮೆ ತೊಳೆದಳು. ಕೊನೆಗೆ, "ಸಾಲು ಇರಲಿ ಹೋಗಲಿ," ಎಂದಳು. "ಗುಡ್ಡ ಹೋಗಲ್ಲವಲ್ಲ. ನಾವು ಆ ತುದಿಗೆ ಹೋದ್ರೆ ಅದು ಇನ್ಯಾರದೋ ಮಗುವಿನ ಮೇಲೆ ಹಾರುತ್ತೆ. ನಾನು ಬಾಯಿ ಮುಚ್ಕೊಂಡಿದ್ರೆ, ಶಿಲೀಂಧ್ರದಿಂದ ಏನೂ ಆಗಲ್ಲ ಅಂತ ಬರ್ಕೊಳ್ತಾರೆ. ಇನ್ನೊಬ್ಬರು ಇಲ್ಲಿ ಪ್ರಯತ್ನಾನೂ ಮಾಡಲ್ಲ."

"ಮಾಡಿದ್ದುಣ್ಣೋ ಮಹರಾಯ ಅಂತಾರಲ್ಲ, ನೀನು ಅದನ್ನ ಬಡಿಸ್ಕೊಂಡು ಉಣ್ಣೋಳು," ಎಂದಳು ತಂಗಿ. "ಹೋಗು, ಹೇಳು. ಬೈದ್ರೆ ನನ್ನ ಕರಿ."

ಮರುದಿನ ಬೆಳಿಗ್ಗೆ ಜರಡಕ್ಕ ಮೇಡಮ್ಮಿನ ಎದುರು ನಿಂತು, ಮೊದಲಿಂದ ಕೊನೆಯವರೆಗೆ, ಜರಡಿಯ ನಂಬರು ಸಮೇತ ಹೇಳಿದಳು. ಕ್ಷಮೆ ಎಂಬ ಪದ ಬಾಯಿಗೆ ಬರಲಿಲ್ಲ. ಆ ಪದವನ್ನು ಅವಳು ಬಳಸಿಯೇ ಇರಲಿಲ್ಲವಾದ್ದರಿಂದ ಅದು ಎಲ್ಲಿದೆಯೆಂದೇ ತಿಳಿಯಲಿಲ್ಲ.

ಮೇಡಂ ಕುರ್ಚಿಯಲ್ಲಿ ಕೂತರು. "ಚೆಲ್ಲಿದ್ದು ಎಲ್ಲಿದೆ?"

"ಕ್ಷಾರದ ಪೀಪಾಯಲ್ಲಿ."

"ಎಲ್ಲಾನೂ?"

"ನಾನು ಅರ್ಧಂಬರ್ಧ ಕೆಲಸ ಮಾಡೋಳಲ್ಲ ಮೇಡಂ."

ಮೇಡಂ ಅವಳ ಮುಖವನ್ನೇ ನೋಡಿ, ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದರು. ಆಮೇಲೆ ಲೆಕ್ಕಾಚಾರಕ್ಕಿಳಿದರು. ಮತ್ತೆ ತೊಟ್ಟಿಯಲ್ಲಿ ಬೆಳೆಸಲು ನಾಲ್ಕು ತಿಂಗಳು ಬೇಕು, ಅಷ್ಟರಲ್ಲಿ ಮಳೆ ಮುಗಿಯುತ್ತದೆ. ಇರುವುದೊಂದೇ ದಾರಿ: ಒರಟು ಹುಲ್ಲಿನ ಬುಡಗಳನ್ನು ಮಣ್ಣಿನ ಸಮೇತ ಅಗೆದು, ಹೋಳು ಮಾಡಿ, ಒಂದೊಂದು ಹೋಳಿನ ಸುತ್ತ ಸಸಿಗಳನ್ನು ನೆಡುವುದು. ಹಳೆಯ ಬೇರಿನಿಂದ ಎಳೆ ಹೊಸ ಬೇರಿಗೆ ತಾನಾಗಿ ದಾಟುತ್ತದೆ.

"ಆದ್ರೆ ಅರ್ಧ ಗೇಣಿಗಿಂತ ದೂರ ಇರ್ಬಾರ್ದು. ಎಷ್ಟು ಬುಡ ಇರಬಹುದು ಅಕ್ಕ?"

ಜರಡಕ್ಕ ಗುಡ್ಡ ಹತ್ತಿ ಎಣಿಸಿ ಬಂದಳು. ನಲವತ್ತೊಂದು. ಬೀಜಕ್ಕೆಂದು ಆರನ್ನು ಬಿಟ್ಟರೆ ಮೂವತ್ತೈದು. ಇಡೀ ಇಳಿಜಾರಿಗೆ ಸಾಲದು. ಕಾಲು ಭಾಗಕ್ಕೆ ಸಾಕು.

"ಯಾವ ಕಾಲು ಭಾಗ?" ಎಂದು ಮೇಡಂ ಕೇಳಿದರು. "ಗಾಳಿ ನನಗಿಂತ ನಿಮಗೆ ಗೊತ್ತು."

ಗಾಳಿ ಅವಳಿಗೆ ಗೊತ್ತಿತ್ತು. ಒಣಗಾಳಿ ಗುಡ್ಡದ ಪಡುವಣ ಭುಜದಿಂದ ಪುಡಿಯನ್ನೆತ್ತಿ ಒಂಬತ್ತರಿಂದ ಇಪ್ಪತ್ತನಾಲ್ಕರವರೆಗಿನ ಕೆಳಗಿನ ಮನೆಗಳ ಮೇಲೆ ಸುರಿಯುತ್ತದೆ. ಮೇಲಿನ ಎಂಟು ಮನೆಗಳಿಗೆ ಬೀಳುವ ಧೂಳು ಬೇರೆ, ಅದು ಗುಡ್ಡದ ಕುತ್ತಿಗೆಯಿಂದ ಏಳುವುದು. ಭುಜವನ್ನು ಹಿಡಿದರೆ ಹದಿನಾರು ಮನೆ ನಿಲ್ಲುತ್ತದೆ, ಕುತ್ತಿಗೆಯನ್ನು ಹಿಡಿದರೆ ಎಂಟು. ಅವಳ ಮನೆ, ಮೂರನೆಯದು, ಆ ಎಂಟರಲ್ಲಿತ್ತು.

"ಭುಜ," ಎಂದಳು.

ಸಾಲಿನವರೆಲ್ಲ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಂದರು. ಯಾರ ತಪ್ಪಿನಿಂದ ಈ ಅವಸರವೆಂದು ಜರಡಕ್ಕ ತಾನೇ ಎಲ್ಲರೆದುರು ಹೇಳಿದ್ದರಿಂದ, ಹಿಂದಿನಿಂದ ಆಡಿಕೊಳ್ಳುವ ಸುಖ ಯಾರಿಗೂ ಸಿಗಲಿಲ್ಲ. ತಂಗಿಯೂ ಬಂದಳು. ನನ್ನ ಬಿಡುಗಡೆಗೆ ನಾನೇ ಅಡ್ಡಗಲ್ಲು ನೆಡ್ತಿದೀನಿ ಎಂದು ಗೊಣಗುತ್ತ ಸಾಲಿನಲ್ಲೇ ಹೆಚ್ಚು ಸಸಿ ನೆಟ್ಟವಳು ಅವಳು. ಒಂದೊಂದು ಹೋಳಿನ ಸುತ್ತ ಎಂಟು ಸಸಿ. ಜರಡಕ್ಕ ಅರ್ಧ ಗೇಣಿನ ಕಡ್ಡಿ ಹಿಡಿದು ಪ್ರತಿಯೊಂದನ್ನೂ ಅಳೆದಳು; ದೂರವಿದ್ದರೆ ಕಿತ್ತು ಮತ್ತೆ ನೆಡಿಸಿದಳು. ಉಳಿದ ಸಸಿಗಳನ್ನು ಹೋಳುಗಳಿಲ್ಲದೆ ಕುತ್ತಿಗೆಯ ಮೇಲೆ ನೆಟ್ಟರು, ಸುಮ್ಮನೆ ಎಸೆಯುವುದೇಕೆಂದು.

ಮಳೆ ಕಳೆದು ಗಾಳಿ ಬಂತು, ನೋಟೀಸು ಕೊಟ್ಟ ಗಡುವಿನ ಎರಡನೆಯ ಒಣಗಾಳಿ. ಕುತ್ತಿಗೆಯ ಮೇಲಿನ ಸಸಿಗಳು ಮೊದಲ ತಿಂಗಳಲ್ಲೇ ಹಳದಿಯಾಗಿ, ಎರಡನೆಯ ತಿಂಗಳಿಗೆ ಗಾಳಿಯ ಜೊತೆಯೇ ಹೊರಟುಹೋದವು. ಭುಜದ ಮೇಲಿನವು ಸೊರಗಿದವು, ಬಗ್ಗಿದವು, ನಿಂತವು. ಜರಡಕ್ಕ ಅವುಗಳ ಬುಡದಿಂದ ಒಂದು ಚಿಟಿಕೆ ಮಣ್ಣನ್ನೆತ್ತಿ ಅಂಗೈಯಲ್ಲಿಟ್ಟು ಊದಿದಳು. ಮೊದಲಾದರೆ ಕೈ ಬರಿದಾಗುತ್ತಿತ್ತು. ಈಗ ಸಣ್ಣ ಹರಳುಗಳು ಅಂಗೈಯಲ್ಲೇ ಉಳಿದವು. ಬೇರನ್ನು ಕುದಿಸಿ ಶಾಯಿ ಹಾಕಿ ನೋಡಿದಳು. ಹೋಳಿನ ಬೇರಿನಿಂದ ಸಸಿಯ ಬೇರಿಗೆ ನೀಲಿ ದಾಟಿತ್ತು.

ಗಾಜಿನ ಹಲಗೆಗಳನ್ನು ಪುರಸಭೆ ತೂಗಿತು. ಕೆಳಗಿನ ಹದಿನಾರು ಮನೆಗಳ ಧೂಳು ಅರ್ಧಕ್ಕಿಂತ ಕಡಿಮೆ. ಆ ಮನೆಗಳು ಉಳಿದವು. ಮೇಲಿನ ಎಂಟಕ್ಕೆ ಕೆಡವುವ ಗುರುತು ಬಿತ್ತು.

"ನ್ಯಾಯ ನೋಡು!" ಎಂದು ತಂಗಿ ಬಾಗಿಲಲ್ಲೇ ಶುರುಮಾಡಿದಳು. "ಕೆಡಿಸಿದವಳಿಗೆ ಪಾಲಿಶ್ ನೆಲದ ಮಹಡಿ ಮನೆ. ಬೆನ್ನು ಮುರಿದು ನೆಟ್ಟವಳಿಗೆ ಅದೇ ಹಳೇ ತಗಡು. ಮುಂದಿನ ಜನ್ಮದಲ್ಲಾದ್ರೂ ನಿನ್ನ ಹಾಗೆ ತಪ್ಪು ಮಾಡೋದು ಕಲೀಬೇಕು."

"ತಗೋ ಹಾಗಾದ್ರೆ."

"ಏನು ತಗೊಳ್ಳೋದು?"

"ಮನೆ. ನಂದು ನೀನು ತಗೋ, ನಿಂದು ನನಗೆ ಕೊಡು. ಅಲ್ಲಿ ಧೂಳು ಇಲ್ಲ, ಮಗು ನೆಲದ ಮೇಲೆ ಆಡಬಹುದು. ನಿನ್ನ ಮನೇಲಿ ಅರ್ಧ ಇಳಿದಿದೆ ಅಂದ್ರೆ ಇನ್ನರ್ಧ ಇದೆ ಅಂತಲೇ. ಅದು ನನಗೆ ಸಾಕು, ಮಗುವಿಗೆ ಬೇಡ."

ತಂಗಿ ಹೊಸಿಲ ಮೇಲೆ ಕೂತುಬಿಟ್ಟಳು. "ಅಷ್ಟು ದೂರ ನಾನು ಯಾವತ್ತೂ ಇದ್ದಿಲ್ಲ ಅಕ್ಕ," ಎಂದಳು ಮಗುವಿನಂಥ ದನಿಯಲ್ಲಿ.

"ಬಸ್ಸಿದೆ."

ಪುರಸಭೆಯ ಗುಮಾಸ್ತ ಎರಡು ಅರ್ಜಿಗಳನ್ನೂ ತಿರುವಿ, "ಒಳ್ಳೇ ಮನೆ ಬಿಟ್ಟು ಹಳೇದಕ್ಕೆ ಯಾಕಮ್ಮ? ಕಾರಣ ಏನಂತ ಬರೀಲಿ?" ಎಂದ. "ಕೆಲಸ ಹತ್ತಿರ ಅಂತ ಬರ್ಕೊಳ್ಳಿ," ಎಂದಳು ಜರಡಕ್ಕ. ಅದು ಸುಳ್ಳಾಗಿರಲಿಲ್ಲ. ಉಳಿದ ಆರು ಬುಡಗಳಿಂದ ಮತ್ತೆ ತೊಟ್ಟಿ ತುಂಬಿಸಬೇಕಿತ್ತು. ಕುತ್ತಿಗೆ ಇನ್ನೂ ಬೋಳಾಗಿತ್ತು.

ಮೂರನೆಯ ಮನೆಯನ್ನು ಕೆಡವಿದ ದಿನ ಅವಳು ನೋಡಲು ಹೋಗಲಿಲ್ಲ. ಅಪ್ಪ ಉಜ್ಜಿದ ಚೌಕಟ್ಟನ್ನು ಬಿಚ್ಚಿಕೊಡಬೇಕೇ ಎಂದು ಕೆಲಸದವರು ಕೇಳಿ ಕಳುಹಿಸಿದ್ದರು. ಬಹಳ ಹೊತ್ತು ಯೋಚಿಸಿ, ಅದರ ಮೂಲೆಮೂಲೆಯಲ್ಲೂ ಸೀಸದ ಪುಡಿ ಕೂತಿದೆ, ಬೇಡ ಎಂದು ಹೇಳಿ ಕಳುಹಿಸಿದಳು. ಅದೊಂದು ಮಾತಿಗೆ ಅವಳಿಗೆ ಇಡೀ ಬೆಳಗು ಹಿಡಿದಿತ್ತು.

ತಂಗಿಯ ಸಾಮಾನು ಗಾಡಿ ಏರಿತು. ಮಗು ಮೊದಲೇ ಮುಂದಿನ ಸೀಟಿನಲ್ಲಿ ಕೂತು ಹಾರನ್ ಒತ್ತುತ್ತಿತ್ತು. ತಂಗಿ ಬೀಗದ ಕೈ ಕೊಡುತ್ತ, ಅಳು ಬಾರದಂತೆ ಒಂದೇ ಉಸಿರಿಗೆ ಹೇಳಿದಳು: "ನಲ್ಲಿ ಸೋರುತ್ತೆ, ಬಟ್ಟೆ ಸುತ್ತಿದೀನಿ. ಮೂರನೇ ತಗಡಿಗೆ ಮೊಳೆ ಇಲ್ಲ, ಕಲ್ಲು ಇಟ್ಟಿದೀನಿ, ತೆಗೀಬೇಡ. ಅಡುಗೆಮನೆ ಹಿಂದಿನ ಕಿಟಕಿ ಎಳೆದ್ರೆ ಬರಲ್ಲ, ಎತ್ತಿ ತಳ್ಳಬೇಕು. ಆದ್ರೆ ಗುಡ್ಡದ ಕಡೆ ಅದು, ತೆರೀಲೇಬೇಡ. ಕೇಳ್ತಾ?"

"ಕೇಳ್ತು."

"ಭಾನುವಾರ ಬರ್ತೀನಿ. ಒಳಗೆ ಬಿಡ್ತೀಯಾ, ಇಲ್ಲ ಬಾಗಿಲಲ್ಲೇ ಸೋಸಿ ಬಿಡ್ತೀಯಾ?"

"ಮೂರು ಸಲ ಕೊಡವಿ ಬಿಡ್ತೀನಿ," ಎಂದಳು ಜರಡಕ್ಕ. ತಂಗಿ ನಕ್ಕಳು. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ಆ ನಗೆ ಕೇಳಿಸುತ್ತಲೇ ಇತ್ತು. ಕೊನೆಕೊನೆಗೆ ಅದು ನಗೆಯೋ ಏನೋ ತಿಳಿಯಲಿಲ್ಲ.

ಒಳಗೆ ಹೋಗಿ ಜರಡಕ್ಕ ಹಿಂದಿನ ಕಿಟಕಿಯನ್ನು ಎತ್ತಿ ತಳ್ಳಿದಳು. ಭುಜದ ಮೇಲೆ ಹುಲ್ಲು ಒಂದೇ ಕಡೆಗೆ ಬಾಗಿ ಏಳುತ್ತಿತ್ತು. ಬಹಳ ಹೊತ್ತು ಅವಳು ಅಲ್ಲೇ ನಿಂತಿದ್ದು, ಬಿಸಿಲು ಇಳಿದ ಮೇಲೆ ಒದ್ದೆ ಬಟ್ಟೆಯಿಂದ ಕಿಟಕಿಯ ಕಟ್ಟೆಯನ್ನೊಮ್ಮೆ ಒರೆಸಿದಳು. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಳು. ತೆಳುವಾದ ಬೂದು ಗೆರೆಯೊಂದು ಮೂಡಿತ್ತು.

"ಇನ್ನೂ ಒಂದು ಮಳೆಗಾಲ ಬೇಕು," ಎಂದು ಯಾರಿಗೋ ಎಂಬಂತೆ ಹೇಳಿ, ಕಿಟಕಿ ಮುಚ್ಚಿ, ಬಟ್ಟೆ ತೊಳೆಯಲು ಹೋದಳು.